ಅಡಿಕೆ ಸಿಪ್ಪೆಯ ನಾರಿನಿಂದ ಹಲಗೆ: ತುಂಡುನಾರಿನ ಬಲ ಮತ್ತು ಅದರ ಲೆಕ್ಕಾಚಾರ

ಭದ್ರಾ ಅಚ್ಚುಕಟ್ಟಿನ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾಗಿ ಮಾರ್ಪಟ್ಟಿರುವುದು ಚನ್ನಗಿರಿ, ಹೊನ್ನಾಳಿ ಹಾಗೂ ನ್ಯಾಮತಿ ಭಾಗದ ವರ್ತಕರಿಗೆ ತಿಳಿದ ವಿಷಯವೇ ಆಗಿದೆ. ದೇಶದ ಅಡಿಕೆ ಉತ್ಪಾದನೆಯಲ್ಲಿ ಅರ್ಧಕ್ಕೂ ಹೆಚ್ಚಿನ ಪಾಲು ಕರ್ನಾಟಕದ್ದು. ಆದರೆ ಕೊಯ್ಲಿನ ತಿಂಗಳುಗಳಲ್ಲಿ ಗೋವಿನಕೋವಿಯಂತಹ ಹೋಬಳಿ ಕೇಂದ್ರಗಳ ಸುತ್ತಮುತ್ತ ಸಂಚರಿಸುವವರ ಕಣ್ಣಿಗೆ ಮೊದಲು ಬೀಳುವುದು ಅಡಿಕೆಯಲ್ಲ, ಅದರ ಸಿಪ್ಪೆ. ಹಸಿ ಅಡಿಕೆಯ ತೂಕದಲ್ಲಿ ಶೇಕಡ 60ರಿಂದ 80ರಷ್ಟು ಸಿಪ್ಪೆಯೇ ಇರುತ್ತದೆ. ಖೇಣಿದಾರರ ಸುಲಿಯುವ ಯಂತ್ರಗಳಿಂದ ಹೊರಬೀಳುವ ಈ ರಾಶಿ ರಸ್ತೆ ಬದಿಗೆ ಸುರಿಯಲ್ಪಟ್ಟು, ಮಳೆಗೆ ಕೊಳೆತು, ಒಣಗಿದ ಮೇಲೆ ಬೆಂಕಿಗೆ ಆಹುತಿಯಾಗಿ, ವಾಹನ ಸವಾರರ ಕಣ್ಣಿಗೆ ಹೊಗೆಯಾಗುವುದು ವರ್ಷವರ್ಷದ ಕಥೆ.

ಈ ಸಿಪ್ಪೆಯಲ್ಲಿ ನಾರಿದೆ. ನಾರನ್ನು ರಾಳದೊಡನೆ ಬೆರೆಸಿ ಒತ್ತಿದರೆ ಹಲಗೆಯಾಗುತ್ತದೆ. ರಾಜ್ಯದ ಅನೇಕ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ಕುರಿತು ಪ್ರಯೋಗಗಳು ನಡೆದು ಪ್ರಬಂಧಗಳು ಪ್ರಕಟವಾಗಿವೆ. ಅವುಗಳನ್ನು ಆಧರಿಸಿ "ಕಚ್ಚಾವಸ್ತು ಪುಕ್ಕಟೆ, ಲಾಭ ಖಚಿತ" ಎಂಬ ಯೋಜನಾ ವರದಿಗಳೂ ಸಣ್ಣ ಉದ್ದಿಮೆದಾರರ ಮುಂದೆ ಬರುತ್ತಿರುತ್ತವೆ. ಪ್ರೆಸ್ ಯಂತ್ರಕ್ಕೆ ಸಾಲ ಮಾಡುವ ಮೊದಲು ಇಂತಹ ವಸ್ತುವಿನ ಬಲ ಎಲ್ಲಿಂದ ಬರುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ತಿಳಿಯುವುದು ಅವಶ್ಯಕ. ಇದಕ್ಕೆ ಬೇಕಾದ ಗಣಿತ ಅಂಗಡಿ ಲೆಕ್ಕಕ್ಕಿಂತ ಬಹಳ ಕಠಿಣವಾದದ್ದೇನೂ ಅಲ್ಲ.

ತುಂಡುನಾರು ಎಂದರೇನು?

ಎರಡು ಭಿನ್ನ ವಸ್ತುಗಳನ್ನು ಕೂಡಿಸಿ, ಎರಡರ ಗುಣವನ್ನೂ ಪಡೆಯುವಂತೆ ಮಾಡಿದ ಪದಾರ್ಥವೇ ಸಂಯುಕ್ತ ವಸ್ತು. ಒಂದು ನಾರು, ಇನ್ನೊಂದು ಆ ನಾರನ್ನು ಹಿಡಿದಿಡುವ ಆಧಾರವಸ್ತು. ವಿಮಾನದ ರೆಕ್ಕೆಗೆ ಬಳಸುವ ಇಂಗಾಲದ ನಾರು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಖಂಡವಾಗಿ ಓಡುತ್ತದೆ. ಅದರ ಬೆಲೆಯೂ ತಯಾರಿಕೆಯ ಶ್ರಮವೂ ಅಧಿಕ. ಇದಕ್ಕೆ ಬದಲಾಗಿ ನಾರನ್ನು ಕೆಲವು ಮಿಲಿಮೀಟರುಗಳಷ್ಟು ತುಂಡರಿಸಿ ಬೆರೆಸಿದರೆ ಅದು ತುಂಡುನಾರಿನ ಸಂಯುಕ್ತ ವಸ್ತು. ಅದನ್ನು ಅಚ್ಚಿಗೆ ಸುರಿಯಬಹುದು, ಒತ್ತಬಹುದು, ಇಂಜೆಕ್ಷನ್ ಯಂತ್ರದಲ್ಲಿ ಹಾಯಿಸಬಹುದು.

ಈ ವಿದ್ಯೆ ಹೊಸದಲ್ಲ. ಗೋಡೆಯ ಕೆಸರುಮಣ್ಣಿಗೆ ಹುಲ್ಲು ಬೆರೆಸಿ ತುಳಿಯುವ ಪದ್ಧತಿ ಇದೇ ತತ್ತ್ವದ್ದು. ಬೇಕ್‌ಲ್ಯಾಂಡ್ 1907ರಲ್ಲಿ ರೂಪಿಸಿದ ಬೇಕಲೈಟ್, ಮರದ ಹುಡಿ ಬೆರೆತ ಮೇಲೆಯೇ ಸ್ವಿಚ್ಚು, ಹಿಡಿಕೆಗಳಿಗೆ ಯೋಗ್ಯವಾಯಿತು. ಇಂದಿನ ಫೈಬರ್ ಬಾಗಿಲು, ನೀರಿನ ತೊಟ್ಟಿ, ಗಾಜಿನ ನಾರು ಬೆರೆಸಿದ ನೈಲಾನ್ ಬಿಡಿಭಾಗ, ಇವೆಲ್ಲ ಒಂದೇ ಕುಟುಂಬಕ್ಕೆ ಸೇರಿದವು.

ನಾರಿಗೆ ಬಲ ತಲುಪುವ ಬಗೆ

ಹುಲ್ಲಿನ ಬಣವೆಯಿಂದ ಕೈಯಲ್ಲಿ ಹುಲ್ಲು ಹಿರಿಯುವವರಿಗೆ ಒಂದು ಅನುಭವವಿರುತ್ತದೆ. ಅಂಚಿನಲ್ಲಿ ತುಸುವೇ ಹೂತ ಕಡ್ಡಿ ಸಲೀಸಾಗಿ ಜಾರಿ ಬರುತ್ತದೆ. ಆಳಕ್ಕೆ ಹೂತ ಕಡ್ಡಿ ಜಾರುವುದಿಲ್ಲ. ಎಳೆದರೆ ಕೈಯಲ್ಲೇ ತುಂಡಾಗುತ್ತದೆ. ತುಂಡುನಾರಿನ ಯಂತ್ರಶಾಸ್ತ್ರದ ತಿರುಳು ಇಷ್ಟೇ. ಹಲಗೆಯನ್ನು ಎಳೆದಾಗ ಆ ಎಳೆತ ನೇರವಾಗಿ ನಾರನ್ನು ಮುಟ್ಟುವುದಿಲ್ಲ. ರಾಳವು ನಾರಿನ ಮೈಯನ್ನು ಹಿಡಿದು, ಉಜ್ಜುತ್ತಾ, ಸ್ವಲ್ಪ ಸ್ವಲ್ಪವಾಗಿ ಭಾರವನ್ನು ಅದಕ್ಕೆ ದಾಟಿಸುತ್ತದೆ. ನಾರಿನ ತುದಿಯಲ್ಲಿ ಭಾರ ಶೂನ್ಯ. ನಡುವಿಗೆ ಹೋದಂತೆ ಏರುತ್ತದೆ. ಈ ಏರಿಕೆಯ ಗಣಿತವನ್ನು ಕಾಕ್ಸ್ ಎಂಬ ವಿಜ್ಞಾನಿ ಕಾಗದದ ನಾರುಗಳನ್ನು ಕುರಿತ 1952ರ ಪ್ರಬಂಧದಲ್ಲಿ ನೀಡಿದರು. ಕೆಲ್ಲಿ ಮತ್ತು ಟೈಸನ್ 1965ರಲ್ಲಿ ಅದನ್ನು ಇನ್ನಷ್ಟು ಸರಳವಾದ ಸೂತ್ರಕ್ಕೆ ಇಳಿಸಿದರು.

ಆ ಸೂತ್ರದ ಪ್ರಕಾರ ಪ್ರತಿ ನಾರಿಗೂ ಒಂದು ನಿರ್ಣಾಯಕ ಉದ್ದವಿದೆ. ಅದಕ್ಕಿಂತ ಗಿಡ್ಡದಾದ ನಾರು ಎಂದಿಗೂ ತನ್ನ ಪೂರ್ಣ ಬಲವನ್ನು ಕೊಡಲಾರದು. ಮೊದಲೇ ರಾಳದಿಂದ ಕಿತ್ತು ಬರುತ್ತದೆ. ನಾರಿನ ಬಲವನ್ನು ಅದರ ವ್ಯಾಸದಿಂದ ಗುಣಿಸಿ, ರಾಳ ಮತ್ತು ನಾರಿನ ನಡುವಿನ ಹಿಡಿತದ ಎರಡರಷ್ಟರಿಂದ ಭಾಗಿಸಿದರೆ ಈ ಉದ್ದ ದೊರೆಯುತ್ತದೆ. ದಪ್ಪ ನಾರಿಗೆ ಹೆಚ್ಚು ಉದ್ದ ಬೇಕು. ಹಿಡಿತ ಚೆನ್ನಾಗಿದ್ದರೆ ಕಡಿಮೆ ಉದ್ದ ಸಾಕು.

ಅಡಿಕೆ ನಾರಿಗೆ ಇದನ್ನು ಅನ್ವಯಿಸಿ ನೋಡಬಹುದು. ಇದು ಸಹಜ ನಾರು. ಅದರ ಅಳತೆಗಳು ಕಾಯಿಯಿಂದ ಕಾಯಿಗೆ, ಒಂದೇ ನಾರಿನಲ್ಲಿ ಬುಡದಿಂದ ತುದಿಗೆ ಬದಲಾಗುತ್ತವೆ. ಪ್ರಕಟವಾದ ಅಧ್ಯಯನಗಳ ಅಂಕಿಗಳೂ ಪರಸ್ಪರ ಹೊಂದುವುದಿಲ್ಲ. ಆದುದರಿಂದ ಉದಾಹರಣೆಗಾಗಿ ಮಾತ್ರ ವ್ಯಾಸ 0.3 ಮಿ.ಮೀ., ಬಲ 150 ಮೆಗಾಪಾಸ್ಕಲ್, ಪಾಲಿಯೆಸ್ಟರ್ ರಾಳದೊಡನೆ ಹಿಡಿತ 3 ಮೆಗಾಪಾಸ್ಕಲ್ ಎಂದು ಹಿಡಿದರೆ, ನಿರ್ಣಾಯಕ ಉದ್ದ 7.5 ಮಿ.ಮೀ. ಆಗುತ್ತದೆ. ನಾರನ್ನು 5 ಮಿ.ಮೀ.ಗೆ ಕತ್ತರಿಸಿದರೆ ಅದು ಸರಾಸರಿ 50 ಮೆಗಾಪಾಸ್ಕಲ್ ಮಾತ್ರ ಹೊರುತ್ತದೆ, ಅಂದರೆ ಮೂರನೆಯ ಒಂದು ಪಾಲು. 15 ಮಿ.ಮೀ.ಗೆ ಕತ್ತರಿಸಿದರೆ ಸುಮಾರು 112, 30 ಮಿ.ಮೀ.ಗೆ 131, 60 ಮಿ.ಮೀ.ಗೆ 141.

ಈ ನಾಲ್ಕು ಅಂಕಿಗಳಲ್ಲಿ ಕಾರ್ಖಾನೆಯವರಿಗೆ ಬೇಕಾದ ಸಂಗತಿಯಿದೆ. 5ರಿಂದ 15ಕ್ಕೆ ಏರಿಸಿದರೆ ಲಾಭ ಇಮ್ಮಡಿಗಿಂತ ಹೆಚ್ಚು. 30ರಿಂದ 60ಕ್ಕೆ ಏರಿಸಿದರೆ ದೊರೆಯುವುದು ನೂರಕ್ಕೆ ಏಳೆಂಟು ಪಾಲು ಮಾತ್ರ, ಅದೂ ನಾರು ಸಿಕ್ಕುಗಟ್ಟಿ, ಗಂಟಾಗಿ, ರಾಳ ಒಳಹೋಗದೆ ಉಳಿಯುವ ತೊಂದರೆಯೊಡನೆ. ಅಡಿಕೆ ಸಿಪ್ಪೆಯ ನಾರು ಸಹಜವಾಗಿಯೇ 10ರಿಂದ 60 ಮಿ.ಮೀ. ಉದ್ದವಿರುತ್ತದೆ. ಹೀಗಾಗಿ ಅದನ್ನು ಹಿಟ್ಟಿನಂತೆ ಪುಡಿಮಾಡುವ ಯಂತ್ರಕ್ಕೆ ಹಣ ಹಾಕುವುದು ಇರುವ ಗುಣವನ್ನು ಕಳೆಯಲು ಹಣ ಹಾಕಿದಂತೆಯೇ ಸರಿ. 20 ಮಿ.ಮೀ. ಆಸುಪಾಸಿನ ನಾರು ಬೆರೆಸಲೂ ಸುಲಭ, ಬಲಕ್ಕೂ ಸಾಕು.

ಗಾಜಿನ ನಾರಿನ ಕಥೆ ಬೇರೆ. ಅದರ ವ್ಯಾಸ ಮಿಲಿಮೀಟರಿನ ಸಾವಿರದ ಒಂದು ಭಾಗಗಳ ಅಳತೆಯಲ್ಲಿ ಸುಮಾರು 14. ಬಲ 2000 ಮೆಗಾಪಾಸ್ಕಲ್, ಹಿಡಿತ 20 ಎಂದು ಹಿಡಿದರೆ ನಿರ್ಣಾಯಕ ಉದ್ದ 0.7 ಮಿ.ಮೀ. ಮಾತ್ರ. ಇಷ್ಟು ಗಿಡ್ಡ ಸಾಕಲ್ಲವೇ ಎನ್ನಿಸಬಹುದು. ಆದರೆ ಇಂಜೆಕ್ಷನ್ ಯಂತ್ರದ ತಿರುಪು ಕಾಳಿನೊಳಗಿನ ನಾರನ್ನು ಮುರಿದು ಅರ್ಧ ಮಿಲಿಮೀಟರಿಗೂ ಕೆಳಗೆ ಇಳಿಸುತ್ತದೆ. ಉಳಿಕೆ ಮಾಲನ್ನು ಪುಡಿಮಾಡಿ ಮತ್ತೆ ಮತ್ತೆ ಹಾಯಿಸುವ ಕಾರ್ಖಾನೆಗಳಲ್ಲಿ ಮಾಲು ಏಕೆ ಬಿರುಕು ಬಿಡುತ್ತದೆ ಎಂಬುದಕ್ಕೆ ಇದೇ ಉತ್ತರ. ಚೀಲದ ಮೇಲೆ ಬರೆದ ನಾರಿನ ಪ್ರಮಾಣ ಹಾಗೆಯೇ ಇರುತ್ತದೆ. ನಾರಿನ ಉದ್ದ ಮಾತ್ರ ಇರುವುದಿಲ್ಲ.

ದಿಕ್ಕಿನ ಪ್ರಶ್ನೆ

ಉದ್ದದ ನಂತರದ ಅಂಶ ದಿಕ್ಕು. ನಾರುಗಳೆಲ್ಲ ಎಳೆತದ ದಿಕ್ಕಿಗೇ ಮಲಗಿದ್ದರೆ ಪೂರ್ಣ ಪ್ರಯೋಜನ. ಹಲಗೆಯಲ್ಲಿ ಅವು ನಾಲ್ಕೂ ದಿಕ್ಕಿಗೆ ಚೆಲ್ಲಾಡಿರುತ್ತವೆ. ಹೀಗೆ ಸಮತಲದಲ್ಲಿ ಹರಡಿದ ನಾರಿನ ಬಿಗುಪು ಯಾವುದೇ ಒಂದು ದಿಕ್ಕಿನಲ್ಲಿ ಎಂಟರಲ್ಲಿ ಮೂರು ಪಾಲು ಮಾತ್ರ ಸಿಗುತ್ತದೆ; ಮೇಲೆ ಕೆಳಗೂ ಚೆಲ್ಲಿದ್ದರೆ ಐದರಲ್ಲಿ ಒಂದು ಪಾಲು. 1964ರಲ್ಲಿ ಕ್ರೆಂಖೆಲ್ ನೀಡಿದ ಈ ಗುಣಕಗಳನ್ನು ಇಂದಿಗೂ ಮೊದಲ ಅಂದಾಜಿಗೆ ಬಳಸಲಾಗುತ್ತದೆ.

ಇಂಜೆಕ್ಷನ್ ಅಚ್ಚಿನಲ್ಲಿ ದಿಕ್ಕು ಇನ್ನೂ ಜಟಿಲ. ಕರಗಿದ ಪ್ಲಾಸ್ಟಿಕ್ ಅಚ್ಚಿನ ಗೋಡೆಯ ಬಳಿ ಉಜ್ಜಿಕೊಂಡು ಹರಿಯುವುದರಿಂದ ಅಲ್ಲಿ ನಾರು ಹರಿವಿನ ದಿಕ್ಕಿಗೆ ಮಲಗುತ್ತದೆ. ನಡುವಿನ ಪದರದಲ್ಲಿ ಅಡ್ಡಲಾಗಿ ನಿಲ್ಲುತ್ತದೆ. ಎರಡು ಕಡೆಯಿಂದ ಬಂದ ಹರಿವು ಕೂಡುವ ಗೆರೆಯಲ್ಲಿ ನಾರು ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟುವುದೇ ಇಲ್ಲ. ಬಿಡಿಭಾಗ ಮುರಿಯುವುದು ಸಾಮಾನ್ಯವಾಗಿ ಆ ಗೆರೆಯಲ್ಲೇ. ಫೋಲ್ಗರ್ ಮತ್ತು ಟಕ್ಕರ್ 1984ರಲ್ಲಿ ಈ ತಿರುಗುವಿಕೆಗೆ ಸಮೀಕರಣ ಕೊಟ್ಟರು. ಇಂದಿನ ಅಚ್ಚು ವಿನ್ಯಾಸದ ತಂತ್ರಾಂಶಗಳು ಅದರ ಸುಧಾರಿತ ರೂಪಗಳನ್ನೇ ಬಳಸುತ್ತವೆ. ಅಂತಹ ತಂತ್ರಾಂಶ ಕೊಳ್ಳಲಾಗದ ಸಣ್ಣ ಘಟಕದವರು ಕನಿಷ್ಠಪಕ್ಷ ಪ್ಲಾಸ್ಟಿಕ್ ಒಳನುಗ್ಗುವ ದ್ವಾರದ ಸ್ಥಾನವನ್ನು ಬದಲಿಸಿ, ಆ ಕೂಡುಗೆರೆಯನ್ನು ಭಾರ ಬೀಳದ ಕಡೆಗೆ ಸರಿಸಬಹುದು.

ಪುಕ್ಕಟೆ ನಾರಿನ ನಿಜವಾದ ಬೆಲೆ

ಇನ್ನು ವ್ಯಾಪಾರಕ್ಕೆ ನೇರವಾಗಿ ತಟ್ಟುವ ಲೆಕ್ಕ. ಹಲಗೆ ಎಷ್ಟು ಬಿಗುಪಾಗಿದೆ, ಅಂದರೆ ಭಾರ ಹೇರಿದಾಗ ಎಷ್ಟು ಕಡಿಮೆ ಬಾಗುತ್ತದೆ ಎಂಬುದನ್ನು ಸ್ಥಿತಿಸ್ಥಾಪಕ ಗುಣಾಂಕದಿಂದ ಅಳೆಯುತ್ತಾರೆ. ಗಾಜಿನ ನಾರಿಗೆ ಇದು ಸುಮಾರು 72 ಗಿಗಾಪಾಸ್ಕಲ್, ಗಟ್ಟಿಯಾದ ಪಾಲಿಯೆಸ್ಟರ್ ರಾಳಕ್ಕೆ 3.5ರಷ್ಟು. ಅಡಿಕೆ ನಾರಿಗೆ ಅನೇಕ ಪರೀಕ್ಷೆಗಳಲ್ಲಿ ದೊರೆತಿರುವುದು ಒಂದರಿಂದ ಮೂರು ಗಿಗಾಪಾಸ್ಕಲ್ ಆಸುಪಾಸು. ಅಂದರೆ ನಾರು ರಾಳಕ್ಕಿಂತ ಬಿಗುಪಾದುದಲ್ಲ.

ತೂಕದಲ್ಲಿ ಶೇ. 30 ಗಾಜಿನ ನಾರು ಹಾಕಿದ ಹಾಳೆಯಲ್ಲಿ ಗಾಜು ಭಾರವಾದ್ದರಿಂದ ಗಾತ್ರದ ಲೆಕ್ಕದಲ್ಲಿ ಅದು ಶೇ. 17 ಮಾತ್ರ. ಎಂಟರಲ್ಲಿ ಮೂರರ ಗುಣಕವನ್ನು ಸೇರಿಸಿ ಲೆಕ್ಕ ಹಾಕಿದರೆ ಹಾಳೆಯ ಗುಣಾಂಕ ಸುಮಾರು 7.5 ಬರುತ್ತದೆ. ಶೇ. 30 ಅಡಿಕೆ ನಾರು ಹಾಕಿದ ಹಾಳೆಗೆ ಅದೇ ಸೂತ್ರ 2.8 ಎನ್ನುತ್ತದೆ. ಮೆತು ನಾರಿಗೆ ಈ ಸೂತ್ರ ಸ್ವಲ್ಪ ಕಡಿಮೆ ತೋರಿಸುವುದರಿಂದ ಉದಾರವಾಗಿ 3 ಎಂದೇ ಇಟ್ಟುಕೊಳ್ಳಬಹುದು. ಈಗ 3 ಮಿ.ಮೀ. ಗಾಜಿನ ಹಾಳೆಯಷ್ಟೇ ಬಿಗುಪು ಅಡಿಕೆ ನಾರಿನ ಹಾಳೆಯಲ್ಲಿ ಬೇಕಾದರೆ ದಪ್ಪ ಎಷ್ಟಿರಬೇಕು? ಬಾಗುವಿಕೆಯ ಪ್ರತಿರೋಧ ದಪ್ಪದ ಘನಕ್ಕೆ ಅನುಗುಣವಾಗಿ ಏರುವುದರಿಂದ 4 ಮಿ.ಮೀ.ಗಿಂತ ತುಸು ಹೆಚ್ಚು ದಪ್ಪ ಸಾಕು. ಮೇಲ್ನೋಟಕ್ಕೆ ಇದು ಒಳ್ಳೆಯ ವ್ಯಾಪಾರವೇ.

ಆದರೆ ರಾಳದ ಲೆಕ್ಕ ತೆಗೆದರೆ ಚಿತ್ರ ಬದಲಾಗುತ್ತದೆ. ಒಂದು ಚದರ ಮೀಟರ್ ಗಾಜಿನ ಹಾಳೆಗೆ ಸುಮಾರು 3 ಕಿಲೋ ರಾಳ ಹಿಡಿದರೆ, ಅದೇ ಬಿಗುಪಿನ ಅಡಿಕೆ ನಾರಿನ ಹಾಳೆಗೆ 3.4 ಕಿಲೋ ಬೇಕಾಗುತ್ತದೆ. ನಾರಿನಲ್ಲಿ ಉಳಿಸಿದ ಹಣ ರಾಳದ ಡಬ್ಬಿಗೆ ಹೋಗುತ್ತದೆ. ಹಾಳೆ ಸ್ವಲ್ಪ ಭಾರವೂ ಆಗುತ್ತದೆ. ಯೋಜನಾ ವರದಿಯಲ್ಲಿ ಕಿಲೋ ನಾರಿಗೆ ಕಿಲೋ ನಾರು ಎಂದು ಹೋಲಿಸಿದ್ದರೆ ಈ ವ್ಯತ್ಯಾಸ ಕಾಣಸಿಗುವುದಿಲ್ಲ. ಸಮಾನ ಬಿಗುಪಿನ ಹಾಳೆಗೆ ಹಾಳೆಯನ್ನು ಹೋಲಿಸಿದಾಗಲೇ ಅದು ಕಾಣುವುದು. ಪಾಲಿಯೆಸ್ಟರಿನಲ್ಲಿ ಗಾಜಿನ ನಾರಿಗೆ ಬದಲಾಗಿ ಅಡಿಕೆ ನಾರು ಎಂಬ ಮಾತು, ಬಿಗುಪು ಮುಖ್ಯವಾದ ಮಾಲಿನ ಮಟ್ಟಿಗೆ, ನಷ್ಟದ ದಾರಿ ಎನ್ನದೆ ವಿಧಿಯಿಲ್ಲ.

ಹಾಗಾದರೆ ಈ ನಾರಿನ ಯೋಗ್ಯತೆ ಏನು? ಅದು ಸುಲಭವಾಗಿ ತುಂಡಾಗದೆ ಹಿಗ್ಗುತ್ತದೆ. ಪಾಲಿಯೆಸ್ಟರ್ ರಾಳ ನೂರಕ್ಕೆ ಎರಡರಷ್ಟು ಹಿಗ್ಗುವಷ್ಟರಲ್ಲಿ ಬಿರುಕು ಬಿಡುತ್ತದೆ. ಅಡಿಕೆ ನಾರು ಅದಕ್ಕಿಂತ ಬಹಳ ಹೆಚ್ಚು ಹಿಗ್ಗಬಲ್ಲದು. ರಾಳ ಬಿರಿದ ಮೇಲೂ ನಾರುಗಳು ಬಿರುಕಿನ ಎರಡು ದಡಗಳನ್ನು ಹಿಡಿದು ನಿಲ್ಲುತ್ತವೆ, ನಿಧಾನವಾಗಿ ಕಿತ್ತು ಬರುತ್ತವೆ. ಈ ಕೀಳುವಿಕೆಯಲ್ಲಿ ಪೆಟ್ಟಿನ ಶಕ್ತಿ ಖರ್ಚಾಗುತ್ತದೆ. ಆದ್ದರಿಂದ ಹಲಗೆ ಚೂರುಚೂರಾಗಿ ಸಿಡಿಯುವುದಿಲ್ಲ. ತೆಂಗಿನ ನಾರಿಗೂ ಇದೇ ಗುಣ. ಬಿಗುಪು ಮುಖ್ಯವಲ್ಲದ, ಪೆಟ್ಟು ತಾಳಬೇಕಾದ, ಶಬ್ದ ಅಥವಾ ಶಾಖ ತಡೆಯಬೇಕಾದ ಮಾಲಿಗೆ ಇವು ತಕ್ಕವು: ಒಳಛಾವಣಿಯ ಹಲಗೆ, ಬಾಗಿಲಿನ ಒಳತಿರುಳು, ಪ್ಯಾಕಿಂಗ್ ತಟ್ಟೆ, ವಾಹನಗಳ ಒಳಮೈ ಹೊದಿಕೆ.

ರಾಳವನ್ನು ಕಡಿಮೆ ಮಾಡುವುದೇ ಇನ್ನೊಂದು ದಾರಿ. ಪಾರ್ಟಿಕಲ್ ಬೋರ್ಡಿನಲ್ಲಿ ಅಂಟು ಹತ್ತನೆಯ ಒಂದು ಪಾಲಿನಷ್ಟು ಮಾತ್ರ, ಉಳಿದದ್ದೆಲ್ಲ ಸಸ್ಯಭಾಗ. ಅಲ್ಲಿ ಸಿಪ್ಪೆ ಅಗ್ಗವೆಂಬುದಕ್ಕೆ ನಿಜವಾದ ಅರ್ಥವಿದೆ. ಮತ್ತೊಂದು ದಾರಿಯನ್ನು ಯುರೋಪಿನ ಕಾರು ಬಿಡಿಭಾಗದವರು 1990ರ ದಶಕದಿಂದ ತುಳಿದಿದ್ದಾರೆ. ಅಗಸೆ, ಪುಂಡಿ ಜಾತಿಯ ನಾರನ್ನು ಪಾಲಿಪ್ರೊಪಿಲೀನ್ ಎಳೆಯೊಡನೆ ಬೆರೆಸಿ, ಸೂಜಿಯಿಂದ ಚುಚ್ಚಿ ಚಾಪೆ ಮಾಡಿ, ಕಾಯಿಸಿ ಒತ್ತುವುದು ಆ ವಿಧಾನ. ನಾರು ಮುರಿಯುವುದಿಲ್ಲ, ಉದ್ದ ಉಳಿಯುತ್ತದೆ. ಇಲ್ಲಿ ಶಾಖದ ಮಿತಿಯನ್ನು ನೆನಪಿಡಬೇಕು. ಸಸ್ಯದ ನಾರು ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೀಯತೊಡಗುತ್ತದೆ. ಪಾಲಿಪ್ರೊಪಿಲೀನ್ 165 ಡಿಗ್ರಿಯ ಆಸುಪಾಸಿನಲ್ಲಿ ಕರಗುವುದರಿಂದ ಹೊಂದುತ್ತದೆ. 220 ಡಿಗ್ರಿ ಬೇಡುವ ನೈಲಾನ್ ಹೊಂದುವುದಿಲ್ಲ.

ಹಸಿ ಸಿಪ್ಪೆ, ಒಣ ಸಿಪ್ಪೆ

ಪ್ರಬಂಧಗಳ ಅಂಕಿಗಳನ್ನು ಚನ್ನಗಿರಿ–ಹೊನ್ನಾಳಿ ಸೀಮೆಗೆ ಹಾಗೆಯೇ ತರುವ ಮುನ್ನ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕರಾವಳಿಯಲ್ಲಿ ಹಣ್ಣಡಿಕೆಯನ್ನು ಬಿಸಿಲಿನಲ್ಲಿ ತಿಂಗಳಿಗೂ ಮೀರಿ ಒಣಗಿಸಿ, ಆಮೇಲೆ ಸುಲಿದು ಚಾಲಿ ಮಾಡುತ್ತಾರೆ. ಅಲ್ಲಿ ದೊರೆಯುವುದು ಬಲಿತು ಒಣಗಿದ ಸಿಪ್ಪೆ. ಈ ಭಾಗದಲ್ಲಿ ಎಳೆಯ ಹಸಿರು ಕಾಯಿಯನ್ನೇ ಸುಲಿದು, ಬೇಯಿಸಿ, ಕೆಂಪಡಿಕೆ ಮಾಡುವುದು ರೂಢಿ. ಇಲ್ಲಿನ ಸಿಪ್ಪೆ ಹಸಿ, ನೀರು ತುಂಬಿದ್ದು, ನಾರು ಇನ್ನೂ ಪೂರ್ಣ ಬಲಿಯದ್ದು. ಅದರ ಮೇಲೆ ಕೊಯ್ಲು ಆರಂಭವಾಗುವುದು ಮಳೆಗಾಲದಲ್ಲೇ. ಆದುದರಿಂದ ಬೇರೆಡೆಯ ಬಲದ ಅಂಕಿಯನ್ನು ನಂಬಿ ದರ ಒಪ್ಪಿಕೊಳ್ಳುವುದಕ್ಕಿಂತ ಇಲ್ಲಿನ ಸಿಪ್ಪೆಯ ನಾರನ್ನೇ ಪರೀಕ್ಷಿಸುವುದು ಕ್ಷೇಮ. ಒಣಗಿಸುವ ಕಣಕ್ಕೂ ಛಾವಣಿಗೂ ತಗಲುವ ವೆಚ್ಚವನ್ನು ಪ್ರೆಸ್ಸಿನ ವೆಚ್ಚದ ಪಕ್ಕದಲ್ಲೇ ಬರೆಯಬೇಕು. ತೇವ ಉಳಿದ ನಾರನ್ನು ಬಿಸಿ ಪ್ರೆಸ್ಸಿಗೆ ಇಟ್ಟರೆ ಒಳಗಿನ ನೀರು ಆವಿಯಾಗಿ ಹಲಗೆ ಉಬ್ಬುತ್ತದೆ, ಒಳಗೆ ಪೊಳ್ಳು ಬೀಳುತ್ತದೆ.

ನಾರನ್ನು ಕಾಸ್ಟಿಕ್ ಸೋಡಾದ ತಿಳಿ ದ್ರಾವಣದಲ್ಲಿ ನೆನೆಸುವ ಕ್ರಮವಿದೆ. ಅದು ನಾರಿನ ಮೇಲಿನ ಮೇಣ, ಅಂಟುಗಳನ್ನು ತೆಗೆದು ಮೈಯನ್ನು ಒರಟು ಮಾಡುತ್ತದೆ. ರಾಳಕ್ಕೆ ಹಿಡಿತ ಸಿಗುತ್ತದೆ. ಮೇಲಿನ ಲೆಕ್ಕದಲ್ಲಿ ಹಿಡಿತ 3ರಿಂದ 6ಕ್ಕೆ ಏರಿತೆಂದು ಭಾವಿಸಿದರೆ, ನಿರ್ಣಾಯಕ ಉದ್ದ 7.5ರಿಂದ 3.75 ಮಿ.ಮೀ.ಗೆ ಇಳಿಯುತ್ತದೆ, 5 ಮಿ.ಮೀ. ನಾರು ಹೊರುವ ಭಾರ 50ರಿಂದ 94ಕ್ಕೆ ಏರುತ್ತದೆ. ಗಿಡ್ಡ ನಾರಿಗೆ ಇದು ದೊಡ್ಡ ಲಾಭ. ಆದರೆ 30 ಮಿ.ಮೀ. ನಾರಿಗೆ ಏರಿಕೆ 131ರಿಂದ 141ಕ್ಕೆ ಮಾತ್ರ. ಉದ್ದ ನಾರು ಬಳಸುವವರು ಬಲಕ್ಕಾಗಿಯೇ ಸೋಡಾಕ್ಕೆ ಹಣ ಸುರಿಯಬೇಕಾಗಿಲ್ಲ. ದ್ರಾವಣ ತೀಕ್ಷ್ಣವಾದರೆ ಅಥವಾ ಹೆಚ್ಚು ಹೊತ್ತು ನೆನೆದರೆ ನಾರೇ ಸೋಲುತ್ತದೆ; ಉಳಿದ ಕ್ಷಾರದ ನೀರನ್ನು ಶಮನಗೊಳಿಸದೆ ಹಳ್ಳಕ್ಕೆ ಬಿಟ್ಟರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಉತ್ತರ ಹೇಳಬೇಕಾಗುತ್ತದೆ.

ಪರೀಕ್ಷೆ

ಸೂತ್ರಗಳು ದಾರಿ ತೋರುತ್ತವೆಯೇ ಹೊರತು ಪ್ರಮಾಣಪತ್ರ ಕೊಡಲಾರವು. ಹಲಗೆಗಳ ವಿಷಯದಲ್ಲಿ ಭಾರತೀಯ ಮಾನಕ ಬ್ಯೂರೋದ ಐ.ಎಸ್. 3087 ಮರ ಹಾಗೂ ಇತರ ಸಸ್ಯಮೂಲದ ಪಾರ್ಟಿಕಲ್ ಬೋರ್ಡಿಗೆ ಅನ್ವಯಿಸುತ್ತದೆ. ಪರೀಕ್ಷಾ ವಿಧಾನಗಳು ಐ.ಎಸ್. 2380ರಲ್ಲಿವೆ. ಬೆಂಗಳೂರಿನ ಪೀಣ್ಯದಲ್ಲಿರುವ ತೆಂಗುನಾರು ಮಂಡಳಿಯ ತಂತ್ರಜ್ಞಾನ ಸಂಸ್ಥೆ ಸಮೀಪದ ನಾರಿನ ಅನುಭವ ಉಳ್ಳದ್ದು. ಪ್ಲಾಸ್ಟಿಕ್ ಮಿಶ್ರಣಗಳಿಗೆ ಮೈಸೂರಿನ ಸಿಪೆಟ್ ಇದೆ. ದಾವಣಗೆರೆಯಲ್ಲೇ 1951ರಲ್ಲಿ ಸ್ಥಾಪಿತವಾದ ಬಿ.ಡಿ.ಟಿ. ಕಾಲೇಜು ಹಾಗೂ 1979ರ ಬಾಪೂಜಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಮೊದಲ ಸುತ್ತಿನ ವಿಚಾರಣೆಗೆ ದೂರ ಹೋಗಬೇಕಾಗಿಲ್ಲ.

ಮಾದರಿ ಕೊಡುವಾಗ ಒಂದೇ ಹಲಗೆಯಿಂದ ಉದ್ದಕ್ಕೂ ಅಡ್ಡಕ್ಕೂ ಪಟ್ಟಿಗಳನ್ನು ಕತ್ತರಿಸಿ ಕೊಡಬೇಕು. ಎರಡರ ಬಲದಲ್ಲಿ ಹೆಚ್ಚು ಅಂತರವಿದ್ದರೆ ನಾರು ಸಮನಾಗಿ ಹರಡಿಲ್ಲವೆಂದು ಅರ್ಥ. ಪಟ್ಟಿಯ ಅಗಲ ನಾರಿನ ಉದ್ದಕ್ಕಿಂತ ಕಿರಿದಾಗಿದ್ದರೆ ಕತ್ತರಿಸುವಾಗಲೇ ನಾರು ತುಂಡಾಗಿ ಸುಳ್ಳು ಅಂಕಿ ಬರುತ್ತದೆ. ವರದಿಯಲ್ಲಿ ಸರಾಸರಿಯನ್ನು ನೋಡಿ ತೃಪ್ತರಾಗದೆ, ಅತಿ ಕಡಿಮೆ ಬಂದ ಅಂಕಿಯನ್ನು ನೋಡಬೇಕು. ಗ್ರಾಹಕರಿಂದ ಹಿಂದಿರುಗಿ ಬರುವುದು ಆ ಹಲಗೆಯೇ. ಜೊತೆಗೆ 2 ಗಂಟೆ ಹಾಗೂ 24 ಗಂಟೆ ನೀರಿನಲ್ಲಿ ಮುಳುಗಿಸಿ ತೂಕ ಮತ್ತು ದಪ್ಪದ ಏರಿಕೆಯನ್ನು ಅಳೆಯುವುದು ಅಗತ್ಯ. ಈ ಕೊನೆಯ ಪರೀಕ್ಷೆಗೆ ಒಂದು ತಕ್ಕಡಿ, ಒಂದು ವರ್ನಿಯರ್ ಹಾಗೂ ಒಂದು ಬಕೆಟ್ಟು ಸಾಕಾಗುವುದರಿಂದ, ಯಂತ್ರ ಮಾರಲು ಬಂದವರು ತಂದ ಮಾದರಿ ಹಲಗೆಯ ಮೇಲೆ ಅವರ ಎದುರಿನಲ್ಲೇ ಇದನ್ನು ಆರಂಭಿಸಬಹುದು.